ಶೇಂಗಾ ಹೋಳಿಗೆಯೂ ನನ್ನ ವೃತ್ತಿನಿಯಮವೂ

ಗೆಳೆಯರೇ, ಇವತ್ತು ಪುಣೆಯ ವಾಕಡದಲ್ಲಿ ಒಬ್ಬ ಅಜ್ಜಿ ನನ್ನ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸಿದರು.

ನಾನು ಆಟಿಸಂ ಇರುವ ಮಕ್ಕಳಿಗೆ ಮಾತು, ನಡವಳಿಕೆ ಕಲಿಸುವವಳು. ಮಕ್ಕಳ ಮನೆಯವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬುದು ನಮ್ಮ ವೃತ್ತಿಯ ನಿಯಮ. ಧಾರವಾಡದ ಈ ಅಜ್ಜಿಗೆ ಅದು ಒಪ್ಪಿಗೆಯೇ ಇಲ್ಲ. "ಒಂದು ಶೇಂಗಾ ಹೋಳಿಗಿ ತಿಂದ್ರ ಲಂಚ ಆಗ್ತದೇನ್ರಿ?" ಎಂದು ಪ್ರತಿ ಸಲ ಕೇಳುತ್ತಾರೆ. ನಾನು ಪ್ರತಿ ಸಲ "ಬ್ಯಾಡ್ರಿ ಅಜ್ಜಿ" ಎನ್ನುತ್ತೇನೆ.

ಅವರ ಮೊಮ್ಮಗನಿಗೆ ಈಗ ಕಲಿಸುತ್ತಿರುವುದು, ಕೈಯಲ್ಲಿದ್ದುದನ್ನು ಇನ್ನೊಬ್ಬರಿಗೆ ಕೊಟ್ಟು "ತಗೊಳ್ರಿ" ಎನ್ನುವುದನ್ನು. ಆಟಿಕೆ ಹಿಡಿದು ಎಷ್ಟು ಹೇಳಿಕೊಟ್ಟರೂ ಅವನು ಬಾಯಿ ಬಿಟ್ಟಿರಲಿಲ್ಲ. ಇವತ್ತು ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದ, ನನ್ನ ಮುಖ ನೋಡಿದ, "ತಗೊಳ್ರಿ" ಎಂದ.

ತಟ್ಟೆಯಲ್ಲಿ ಹೋಳಿಗೆ, ಅದರ ಮೇಲೆ ತುಪ್ಪ.

ನಿಯಮ ನೆನಪಾಗಿ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು: "ಅಂವ ಕೊಟ್ಟ ಕೂಡ್ಲೆ ತಗೋಬೇಕು, ಇಲ್ಲಂದ್ರ ಮತ್ತ ಕೊಡೂದಿಲ್ಲ ಅಂತ ನೀವ ಹೇಳೀರಲ್ರಿ!"

ತೆಗೆದುಕೊಂಡೆ. ತಿಂದೆ. ಹುಡುಗ ಚಪ್ಪಾಳೆ ತಟ್ಟಿ ನಕ್ಕ. ಅಜ್ಜಿಯೂ ತಟ್ಟಿದರು, ಅದು ಯಾರಿಗೆ ಎಂದು ನಾನು ಕೇಳಲಿಲ್ಲ.

ಇದನ್ನು ಇಲ್ಲಿ ಬರೆಯಲೂ ಮನೆಯವರ ಒಪ್ಪಿಗೆ ಬೇಕು, ಅದೂ ನಿಯಮವೇ. ಕೇಳಿದೆ. ಹುಡುಗನ ತಾಯಿ, "ಬರೀರಿ, ಆದ್ರ ಯಾರ ಹೆಸರೂ ಹಾಕಬ್ಯಾಡ್ರಿ" ಎಂದರು. ಅಜ್ಜಿ ಬಿಡಲಿಲ್ಲ: "ನಂದು ಹಾಕ್ರಿ. ಹೋಳಿಗಿ ಛಲೋ ಆಗಿತ್ತು ಅಂತನೂ ಬರೀರಿ."

ನಿಯಮ ಅಂದರೆ ನಿಯಮ, ಹೆಸರು ಹಾಕಿಲ್ಲ. ಹೋಳಿಗೆ ಮಾತ್ರ ಭಾಳ ಛಲೋ ಆಗಿತ್ತು.