ಕೊಡಿಕೊಂಡದಲ್ಲಿ ಹಗ್ಗ ಬಿಚ್ಚಿಸುತ್ತಿದ್ದವರು

ಎಪ್ಪತ್ತರ ದಶಕದಲ್ಲಿ ಹಿಂದೂಪುರದ ನಮ್ಮ ಬೀದಿಯಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಇದ್ದರು. ತಲೆ ಕೆಟ್ಟಿದೆಯೆಂದು ಮನೆಯವರು ಕಟ್ಟಿಹಾಕಿದವರನ್ನು ಬೆಂಗಳೂರಿನ ಆಸ್ಪತ್ರೆಗೆ ಒಯ್ಯುವ ಬಾಡಿಗೆ ಅವರಿಗೇ ಬರುತ್ತಿತ್ತು. ದಾರಿಯಲ್ಲಿ ಸಿಗುವ ಕೊಡಿಕೊಂಡ ಎಂಬ ಊರಿನ ಟೀ ಅಂಗಡಿ ಮುಂದೆ ಕಾರು ನಿಲ್ಲಿಸಿ, "ಮೊದ್ಲು ಹಗ್ಗ ಬಿಚ್ರಪ್ಪ, ಆಮೇಲೆ ಟೀ" ಅನ್ನುತ್ತಿದ್ದರು.

ಕಲ್ಯಾಣದುರ್ಗದಿಂದ ನಮ್ಮ ಚಿಕ್ಕಮ್ಮನನ್ನು ಕೈ ಕಟ್ಟಿ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಅವತ್ತೂ ಕಾರು ಕೊಡಿಕೊಂಡದ ಟೀ ಅಂಗಡಿ ಮುಂದೆ ನಿಂತಿತು.

"ಬಿಚ್ಚಿದ್ರೆ ಓಡೋಯ್ತಾಳೆ" ಎಂದರು ಚಿಕ್ಕಪ್ಪ.

"ಬಿಚ್ಚೋಗಂಟ ಗಾಡಿ ಕದಲಾಕಿಲ್ಲ ಕಣಪ್ಪ" ಎಂದು ಡ್ರೈವರ್ ಕಾರಿನ ಬೀಗದ ಕೈ ಜೇಬಿಗೆ ಹಾಕಿಕೊಂಡರು.

ನಾನೇ ಬಿಚ್ಚಿದೆ. ಚಿಕ್ಕಮ್ಮ ಮಣಿಕಟ್ಟು ಉಜ್ಜಿಕೊಳ್ಳುತ್ತ, ನಾವೆಲ್ಲ ಎಲ್ಲಿಗೆ ಹೋಗುತ್ತಿದ್ದೇವೆಂದು ಡ್ರೈವರನ್ನು ಕೇಳಿದಳು. ಮನೆಯವರು ಯಾರೂ ಅವಳಿಗೆ ಹೇಳಿಯೇ ಇರಲಿಲ್ಲ.

"ಹುಚ್ಚಾಸ್ಪತ್ರೆಗೆ ಕಣಮ್ಮ. ಬತ್ತೀಯೇನಮ್ಮ?"

ಅವಳು ಟೀ ಕುಡಿದು ಮುಗಿಸುವವರೆಗೂ ಅವರು ಉತ್ತರಕ್ಕಾಗಿ ಕಾದರು.

"ಬತ್ತೀನಿ" ಎಂದ ಚಿಕ್ಕಮ್ಮ, ತಾನೇ ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕುಳಿತಳು.