ಮೀನಿನ ಹೆಸರಲ್ಲಿ ವಾಯಿದೆ

ನಾನು ಸೊಲ್ಲಾಪುರದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವ. ಜನ ವಾಯಿದೆ ಕೇಳುವುದನ್ನು ನೋಡಿ ನೋಡಿ, ಯಾರ ನೆವ ಸುಳ್ಳು ಎಂದು ಮುಖ ಕಂಡರೇ ತಿಳಿಯುತ್ತದೆ ಎಂಬ ಜಂಬ ನನಗೆ. ಸಿಟ್ಟೂ ಮೂಗಿನ ತುದಿಯಲ್ಲೇ. ಮನೆಯಲ್ಲಿ ನಾನು ಬೈಯದ ವಸ್ತುವಿಲ್ಲ. ಸೋರುವ ನಲ್ಲಿಗೂ ಬೈಯುತ್ತೇನೆ, ಸಿಗದ ಚಷ್ಮಾಕ್ಕೂ ಬೈಯುತ್ತೇನೆ.

ಅಕ್ಕಲಕೋಟೆಯ ನನ್ನ ಅಕ್ಕ ಎರಡು ಸಲ ವಾಯಿದೆ ತೆಗೆದುಕೊಂಡಿದ್ದಳು. ಕಣ್ಣಿನ ಪೊರೆ ತೆಗೆಸಲು ಸೊಲ್ಲಾಪುರದ ಡಾಕ್ಟರರು ಕೊಟ್ಟ ತಾರೀಖು ಹತ್ತಿರ ಬಂತೆಂದರೆ ಫೋನಿನಲ್ಲಿ ಒಂದೇ ಮಾತು: "ನಾ ಅಲ್ಲಿ ಬಂದು ಕುಂತ್ರ ಮೀನಿಗೆ ಕಾಳು ಯಾರು ಹಾಕ್ತಾರ?" ಕನ್ನಡ ಸಾಲಿಯಲ್ಲಿ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ದಿನ ಜೊತೆಯವರು ಕೊಟ್ಟ ಗಾಜಿನ ತೊಟ್ಟಿಯಲ್ಲಿ ಐದು ಗೋಲ್ಡ್ ಫಿಶ್ ಇದ್ದವು. ಅವಳ ಬಲಗಣ್ಣು ಸಣ್ಣಂದಿನಲ್ಲೇ ಹೋಗಿತ್ತು. ಇದ್ದದ್ದು ಎಡಗಣ್ಣೊಂದೇ, ಪೊರೆ ಬಂದದ್ದೂ ಅದಕ್ಕೇ. ಇದೆಲ್ಲ ಗೊತ್ತಿದ್ದೂ ನಾನು ಫೋನಿನಲ್ಲಿ ಕೂಗಾಡಿದೆ. ಐದು ಮೀನಿಗಾಗಿ ಕಣ್ಣು ಕಳಕೋತೀಯೇನು ಎಂದು ಕೇಳಿದೆ.

ಮೂರನೆಯ ತಾರೀಖು ಸೋಮವಾರಕ್ಕಿತ್ತು. ಶನಿವಾರ ಮೀನಿಗೆ ತಾನೇ ಕಾಳು ಹಾಕುವ ಮಶೀನ್ ಒಂದನ್ನು ಚೀಲದಲ್ಲಿಟ್ಟುಕೊಂಡು ಎಸ್ಟಿ ಬಸ್ಸು ಹತ್ತಿದೆ. ಇನ್ನು ಅವಳ ಹತ್ತಿರ ನೆವವೇ ಉಳಿಯಬಾರದು ಎಂಬ ಹಟ.

ಮಶೀನ್ ಅಂದರೆ ಅಂಗೈಯಷ್ಟು ಡಬ್ಬಿ, ಅದಕ್ಕೊಂದು ಉರುಳೆ. ಉರುಳೆಗೆ ಕಾಳು ತುಂಬಿ ವೇಳೆ ಹಚ್ಚಿಟ್ಟರೆ, ಆ ಹೊತ್ತಿಗೆ ಒಂದು ಸುತ್ತು ತಿರುಗಿ ಕಿಂಡಿಯಿಂದ ಕಾಳು ಉದುರಿಸುತ್ತದೆ. ತೊಟ್ಟಿಗೆ ಕೂಡಿಸುವ ಮೊದಲು ನೆಲದ ಮೇಲೆ ಕಾಗದ ಹಾಸಿ ಗುಂಡಿ ಒತ್ತಿದೆ. ಸಪ್ಪಳ ಕೇಳಿಯೇ ಅಕ್ಕ, "ಭಾಳ ಆತು, ಸಾಯ್ತಾವ," ಅಂದಳು. ಕಿಂಡಿಯನ್ನು ಸರಿಸಿ ಸಣ್ಣದು ಮಾಡಿದೆ. ಒಂದು ಕಾಳೂ ಬೀಳಲಿಲ್ಲ. ಮಶೀನಿಗೂ ನಾಲ್ಕು ಬೈದು ಮತ್ತೆ ತುಸು ತೆಗೆದೆ. ಆದರೆ ಸರಿಯಾದ ಅಳತೆ ಎಷ್ಟು?

"ನೀ ದಿನಾ ಎಷ್ಟು ಹಾಕ್ತಿ, ಈ ಕಾಗದದ ಮ್ಯಾಲ ಹಾಕಿ ತೋರಸು," ಅಂದೆ.

ಅವಳು ಎದುರಿಗೆ ಕೂತಳು. ಕಾಳಿನ ಡಬ್ಬಿಯಿಂದ ಮೂರು ಬೆರಳಲ್ಲಿ ಒಂದು ಚಿಟಿಕೆ ತೆಗೆದು, ಎಷ್ಟೋ ವರ್ಷದ ರೂಢಿಯ ಕೈಯಿಂದ ಬಿಟ್ಟಳು. ಅರ್ಧಕ್ಕಿಂತ ತುಸು ಹೆಚ್ಚು ಕಾಗದದ ಮೇಲೆ ಬಿತ್ತು. ಉಳಿದದ್ದು ಅಂಚಿನಾಚೆ ನೆಲದ ಬರಿಯ ಕಲ್ಲಿನ ಮೇಲೆ ಬಿದ್ದು ಉರುಳಿತು.

"ಎಷ್ಟದಾವ?" ಅಂದಳು. ಕಾಗದ ಇದ್ದಲ್ಲಿಗೆ ಅಲ್ಲ, ಅದರ ಪಕ್ಕಕ್ಕೆ ನೋಡುತ್ತಿದ್ದಳು.

ಬೈಗುಳ ಗಂಟಲಿನ ತನಕ ಬಂದಿತ್ತು. ಅಲ್ಲೇ ಒಣಗಿತು. "ಹನ್ನೆರಡು," ಅಂದೆ. ಸದ್ದಾಗದಂತೆ ಕಲ್ಲಿನ ಮೇಲಿನ ಎಂಟನ್ನು ಆಯ್ದು ಜೇಬಿಗೆ ಹಾಕಿಕೊಂಡೆ. ಮಶೀನ್ ಕೂಡಿಸಲು ತೊಟ್ಟಿಯ ಹಿಂದೆ ಬಗ್ಗಿದರೆ ಅಲ್ಲಿಯೂ ಕಾಳಿನ ರಾಶಿ, ಅದರ ತುಂಬ ಇರುವೆ. ಇಷ್ಟು ಕಾಣಿಸದೆ ಇವಳು ಒಲೆ ಹೇಗೆ ಹಚ್ಚುತ್ತಾಳೆ, ಮೆಟ್ಟಿಲು ಹೇಗೆ ಇಳಿಯುತ್ತಾಳೆ ಎಂದು ಹೆದರಿದೆ. ಫೋನಿನಲ್ಲಿ ಕೂಗಾಡಿದ್ದಕ್ಕೆ ನಾಚಿಕೆಯಾಯಿತು. ಕಸ ಹೊಡೆದೆ. ಮೀನುಗಳು ಹನ್ನೆರಡಕ್ಕೇ ಒಗ್ಗಿದ್ದಾವು ಎಂದು ಕಿಂಡಿಯನ್ನು ಅಷ್ಟಕ್ಕೇ ಹೊಂದಿಸಿದೆ.

ಚಹಾ ಕುಡಿಯುವಾಗ ಅಕ್ಕ ತಾನಾಗಿಯೇ, "ನಾಳೆ ನಿನ್ನ ಕೂಡನ ಬರ್ತೀನಿ," ಅಂದಳು. "ಆಪರೇಷನ್ನಿನಾಗ ಈ ಕಣ್ಣೂ ಹೋತಂದ್ರ ನನಗ ಇನ್ನೊಂದಿಲ್ಲ, ತಮ್ಮಾ." ನಾನು ಅವಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿದೆ.

ಆಪರೇಷನ್ ಚೆನ್ನಾಗಿ ಆಯಿತು. ಎಂಟು ದಿನ ನಮ್ಮ ಮನೆಯಲ್ಲಿದ್ದಳು. ಹೆಂಡತಿಯ ಮುಂದೆ ನಾನು, ಮಶೀನ್ ತಂದದ್ದಕ್ಕೇ ಅಕ್ಕ ಒಪ್ಪಿದ್ದು ಎಂದು ಎದೆ ಉಬ್ಬಿಸಿ ಹೇಳಿಕೊಂಡೆ.

ಅಕ್ಕಲಕೋಟೆಗೆ ಕರೆದೊಯ್ದ ದಿನ ಅವಳು ಕಪ್ಪು ಚಷ್ಮಾ ಹಣೆಗೇರಿಸಿ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. ಐದೂ ಇದ್ದವು. ಆಮೇಲೆ ತಾನೇ ಕಾಗದ ಹಾಸಿ, ಒಂದು ಚಿಟಿಕೆ ಹಾಕಿ, ಬೆರಳಿಂದ ಒಂದೊಂದೇ ಸರಿಸಿ ಎಣಿಸಿದಳು.

"ಇಪ್ಪತ್ತದಾವ. ನೀ ಹನ್ನೆರಡು ಅಂದಿದ್ದಿ."

ನಾನು ಮಶೀನಿನ ಬ್ಯಾಟರಿ ನೋಡುವವನಂತೆ ಅತ್ತ ತಿರುಗಿದೆ.

"ಉಳದದ್ದು ಕಲ್ಲಿನ ಮ್ಯಾಲ ಬಿದ್ದದ್ದು ಕೇಳಿಸಿತ್ತು ನನಗ," ಅಂದಳು. "ಬೈತೀ ಅಂತ ಕಾದೆ. ನೀ ಬೈಲಿಲ್ಲ. ಆವಾಗ ತಿಳೀತು, ನನ್ನ ಕಣ್ಣು ಎಷ್ಟು ಕೆಟ್ಟದ ಅಂತ."