ಒಲೆ ಹೊರಗಿಟ್ಟ ಅಲಮೇಲು

ಅಲಮೇಲು ಕಲ್ಲು ಗಾರೆ ಹೊತ್ತು ಕಟ್ಟಿದ ಮನೆಗಳನ್ನೆಲ್ಲ ನೋಡಬೇಕೆಂದರೆ ಜಯನಗರದ ಅರ್ಧ ಬೀದಿಗಳನ್ನು ಸುತ್ತಬೇಕಾಗುತ್ತದೆ. ಆದರೆ ಅವುಗಳಲ್ಲಿ ಒಂದರ ಒಳಗೂ ಅವಳು ಒಲೆ ಹೊತ್ತಿಸಿ ಒಂದು ಹಿಡಿ ಅನ್ನ ಬೇಯಿಸಿಕೊಂಡವಳಲ್ಲ. ಅಯ್ಯೋ ಪಾಪ ಅಂತ ಈಗಲೇ ಕಣ್ಣೊರೆಸಿಕೊಳ್ಳಲು ಹೋಗಬೇಡಿ. ಇದು ಬಡತನದ ಮಾತಲ್ಲ, ಅವಳ ಹಟದ ಮಾತು. ಆ ಹಟ ಅವಳನ್ನು ಎಂಥ ಪೇಚಿಗೆ ಸಿಕ್ಕಿಸಿತು ಅನ್ನುವುದನ್ನು ಹೇಳುವುದಕ್ಕೇ ಈ ಕತೆ ತೆಗೆದದ್ದು.

ಅವಳು ಧರ್ಮಪುರಿ ಕಡೆಯ ಹಳ್ಳಿಯವಳು. ಮದುವೆಯಾದ ಹೊಸದರಲ್ಲೇ ಗಂಡ ತಿರುಮಲೇಶನ ಹಿಂದೆ ಬೆಂಗಳೂರಿಗೆ ಬಂದಳು. ಆಗಿನ್ನೂ ಜಯನಗರ ಎಂದರೆ ದಾರ ಎಳೆದು ಸುಣ್ಣದ ಗೆರೆ ಹಾಕಿದ ಬಯಲು. ತಿರುಮಲೇಶ ಅವಳ ಸೋದರಮಾವ. ಮದುವೆಯಾದ ಮೇಲೂ ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಅವನು ಗೋಡೆ ಕಟ್ಟುವವನು, ಇವಳು ತಲೆಯ ಮೇಲೆ ಬಾಂಡ್ಲಿ ಹೊತ್ತು ಗಾರೆ ಮುಟ್ಟಿಸುವವಳು. ಕೆಲಸ ನಡೆಯುವ ಜಾಗದಲ್ಲೇ ಗುಡಿಸಲು. ಕೆಲಸ ಮುಗಿದ ದಿನ ಮನೆಯವರಿಗೆ ಗೃಹಪ್ರವೇಶ, ಇವರಿಗೆ ಗಂಟುಮೂಟೆ. ಗುಡಿಸಲಿನ ಗಳುಗಳನ್ನು ಹೆಗಲಿಗೇರಿಸಿಕೊಂಡು ಮುಂದಿನ ಜಾಗಕ್ಕೆ ಹೊರಡುವುದು. ಹನ್ನೊಂದು ಹನ್ನೆರಡು ವರ್ಷ ಇದೇ ಆಯಿತು. ಇದಕ್ಕೆಲ್ಲ ಅಲಮೇಲು ಬೇಜಾರು ಮಾಡಿಕೊಂಡವಳಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಮಗಳು ಮಂಗಮ್ಮನ ವಿಷಯಕ್ಕೆ. ಗುಡಿಸಲು ಎತ್ತಿದಾಗಲೆಲ್ಲ ಹುಡುಗಿಯ ಸ್ಕೂಲು ತಪ್ಪುತ್ತಿತ್ತು. ಹೊಸ ಸ್ಕೂಲಿನ ಮೇಷ್ಟ್ರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಮತ್ತೆ ಒಂದನೇ ಕ್ಲಾಸಿಗೇ ಕೂರಿಸುತ್ತಿದ್ದರು. ಒಂಬತ್ತು ವರ್ಷದ ಮಂಗಮ್ಮನಿಗೆ ಈಗ ಮೂರನೇ ಸಲ ಒಂದನೇ ಕ್ಲಾಸು. ಪಕ್ಕದಲ್ಲಿ ಕೂರುವ ಮಕ್ಕಳು ಅವಳ ಸೊಂಟದೆತ್ತರ ಇದ್ದವು.

ಇನ್ನು ಆ ಹಟ. ಕಟ್ಟಿದ ಮನೆಯಲ್ಲಿ ಮೊದಲ ಬೆಂಕಿ ಆ ಮನೆಯ ಯಜಮಾನರದ್ದು. ಅವರು ಬಂದು ಹಾಲುಕ್ಕಿಸಬೇಕು, ಆಮೇಲೆ ಮಿಕ್ಕಿದ್ದೆಲ್ಲ. ಅದಕ್ಕೆ ಮುಂಚೆ ಕೆಲಸದವರು ಒಳಗೆ ಒಲೆ ಹಚ್ಚಿದರೆ ಆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲ ಎಂದು ಅವಳ ಅಮ್ಮ ಹೇಳಿದ್ದಳು, ಅಮ್ಮನ ಅಮ್ಮನೂ ಹೇಳಿದ್ದಳು. ಕಾವಲಿಗೆಂದು ಹೊಸ ಮನೆಯೊಳಗೆ ಮಲಗುವುದು ಸರಿ, ಮಳೆಗೆ ನಿಲ್ಲುವುದೂ ಸರಿ. ಬೆಂಕಿ ಮಾತ್ರ ಹೊಸಿಲು ದಾಟಬಾರದು.

ಅರವತ್ತೊಂದನೇ ಇಸವಿಯಲ್ಲಿ ಬೈರಸಂದ್ರದ ಆಚೆ, ತಾವರೆಕೆರೆ ಕಡೆಗೆ, ಸರ್ಕಾರದವರು ಬಡವರಿಗೆಂದು ಒಂದು ಸಾಲು ಮನೆ ಕಟ್ಟಿಸತೊಡಗಿದರು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಅಂಗೈಯಗಲ ಹಿತ್ತಿಲು. ಸಾಲು ಮುಗಿಯುತ್ತಾ ಬಂದಾಗ ಚರಂಡಿ ತೋಡಬೇಕೆಂದು ಕೆಲಸದವರ ಗುಡಿಸಲುಗಳನ್ನು ಕಿತ್ತರು. ಮೇಸ್ತ್ರಿ ಗುರುಬಸಪ್ಪ ಒಳ್ಳೆಯ ಮನುಷ್ಯ. ಕೀಲಿ ಕೈಗೆ ಕೊಡುವವರೆಗೆ ಕಾವಲೂ ಆಯಿತು, ನಿಮಗೆ ಸೂರೂ ಆಯಿತು ಎಂದು ಒಂದೊಂದು ಸಂಸಾರವನ್ನು ಒಂದೊಂದು ಮನೆಗೆ ಬಿಟ್ಟ. ಕೊನೆಯ ಮನೆ ಅಲಮೇಲುವಿಗೆ ಸಿಕ್ಕಿತು. ಪಕ್ಕದ್ದು ಮಾಲೂರು ಕಡೆಯಿಂದ ಬಂದಿದ್ದ ಮುನಿವೆಂಕಟಮ್ಮನಿಗೆ.

ಮುನಿವೆಂಕಟಮ್ಮ ಬಂದ ದಿನವೇ ಅಡುಗೆಮನೆಯಲ್ಲಿ ಒಲೆ ಹೂಡಿ ಮುದ್ದೆಗೆ ಎಸರಿಟ್ಟಳು. ವಾರ ಕಳೆಯುವುದರೊಳಗೆ ಗೋಡೆ ಕರ್ರಗಾಯಿತು. ಅಲಮೇಲು ಮಾತ್ರ ಎದುರಿಗಿದ್ದ ಹೊಂಗೆ ಮರದ ಬುಡದಲ್ಲಿ ಮೂರು ಕಲ್ಲಿಟ್ಟು, ಮಳೆ ಬಂದರೆ ತಲೆಗೆ ಗೋಣಿತಾಟು ಹೊದ್ದುಕೊಂಡು, ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಅಲ್ಲೇ ಬೇಯಿಸುತ್ತಿದ್ದಳು.

“ಅಕ್ಕಾ, ಯಜಮಾನ್ರು ಬಂದು ಗೋಡೆ ನೋಡಿದ್ರೆ ಏನಂತಾರೆ?” ಎಂದು ಒಂದು ದಿನ ಮುನಿವೆಂಕಟಮ್ಮನನ್ನು ಕೇಳಿಯೇಬಿಟ್ಟಳು.

“ಯಾವ ಯಜಮಾನ್ರೇ? ಇದು ಸರ್ಕಾರದ್ದು. ಸರ್ಕಾರ ಬಂದು ನಿನ್ನ ಮುಂದೆ ಹಾಲುಕ್ಕಿಸ್ತದಾ?” ಎಂದಳು ಮುನಿವೆಂಕಟಮ್ಮ.

ಅಲ್ಲಿಂದ ಶುರುವಾಯಿತು ನೋಡಿ ಅಲಮೇಲುವಿನ ತಲೆನೋವು. ಇಷ್ಟು ದಿನ ಕಟ್ಟಿದ ಮನೆಗಳಿಗೆಲ್ಲ ಒಬ್ಬ ಯಜಮಾನ ಇರುತ್ತಿದ್ದ. ಕೊಡೆ ಹಿಡಿದು ಬರುತ್ತಿದ್ದ, ಕಿಟಕಿ ಸೊಟ್ಟ ಆಯಿತು ಎಂದು ಬೈಯುತ್ತಿದ್ದ, ಕೊನೆಗೆ ಮೈಸೂರುಪಾಕು ಹಂಚುತ್ತಿದ್ದ. ಈ ಸಾಲಿಗೆ ಬೈಯುವವರೇ ಇಲ್ಲ. ಯಜಮಾನ ಯಾರು ಎಂದು ಮೇಸ್ತ್ರಿಯನ್ನು ಕೇಳಿದರೆ, “ಸರ್ಕಾರ ಕಣಮ್ಮ. ಹೋಗಿ ಗೋಡೆಗೆ ನೀರು ಹಾಕು,” ಎಂದ. ಮನೆ ಹಂಚುವ ಆಫೀಸಿನ ಗುಮಾಸ್ತ ಗಂಗಾಧರಯ್ಯ ಒಮ್ಮೆ ಸೈಕಲ್ಲಿನಲ್ಲಿ ಬಂದಿದ್ದಾಗ ಅವರನ್ನೂ ಕೇಳಿದಳು.

“ಇವೆಲ್ಲ ಜನಗಳ ಮನೆಯಮ್ಮ,” ಎಂದರು ಅವರು.

“ಯಾವ ಜನ ಸಾಮಿ?”

ಗಂಗಾಧರಯ್ಯ ಸೈಕಲ್ಲಿನ ಬೆಲ್ಲು ಸರಿ ಮಾಡಿದರು. “ಜನ ಅಂದ್ರೆ ಜನ. ಎಲ್ಲಾರೂ,” ಎಂದು ಹೊರಟುಹೋದರು.

ರಾತ್ರಿ ಗಂಡನ ಹತ್ತಿರ ಇದನ್ನು ತೆಗೆದರೆ ಅವನು ನಕ್ಕ. ಅವನು ಯಾವುದಕ್ಕೆ ನಗುವುದಿಲ್ಲ? “ಯಜಮಾನ್ರು ಯಜಮಾನ್ರು ಅಂತ ಬಡ್ಕೋತೀಯಲ್ಲ, ನಿನ್ನ ಯಜಮಾನ ಇಲ್ಲೇ ಮಲಗಿಲ್ವಾ?” ಎಂದು ಮಗ್ಗುಲು ಬದಲಿಸಿದ. ಸರ್ಕಾರ, ಜನ, ಎಲ್ಲಾರೂ ಎಂದು ಗುಣುಗುಣಿಸುತ್ತಾ ಅಲಮೇಲು ಬಹಳ ಹೊತ್ತು ಎದ್ದೇ ಇದ್ದಳು.

ಹೀಗಿರುವಾಗ ಒಂದು ಸೋಮವಾರ ಮೇಸ್ತ್ರಿ ಎಲ್ಲರನ್ನೂ ಕರೆದು ಸುದ್ದಿ ಹೇಳಿದ. ಮೇಲಿನಿಂದ ಆರ್ಡರ್ ಆಗಿದೆ. ಸಾಲಿನಲ್ಲಿ ಯಾವ ಕೆಲಸದವರು ಸಂಸಾರ ಹೂಡಿ ಇದ್ದಾರೋ, ಅವರಿಗೆ ಅದೇ ಮನೆ. ಗುರುವಾರ ಗಂಗಾಧರಯ್ಯ ಬಂದು ಒಂದೊಂದನ್ನೂ ನೋಡಿ ಬರೆದುಕೊಳ್ಳುತ್ತಾರೆ. ಖಾಲಿ ಇರುವ ಮನೆ ಬೇರೆಯವರ ಪಾಲು.

ಅಲಮೇಲುವಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಆಮೇಲೆ ನಂಬಿಕೆ ಬಂತು. ಬಾಂಡ್ಲಿ ಎತ್ತಿದವಳು ಎಲ್ಲಿಗೆ ಒಯ್ಯಬೇಕೆಂದು ಮರೆತು ಗೋಡೆಗೆ ಕಟ್ಟಿದ ಸಾರವೆಯ ಕೆಳಗೆ ನಿಂತುಬಿಟ್ಟಳು. ಮಂಗಮ್ಮ ಈ ಸ್ಕೂಲಿನಲ್ಲೇ ಎರಡನೇ ಕ್ಲಾಸಿಗೆ ಹೋಗುತ್ತಾಳೆ, ಮೂರಕ್ಕೂ ಹೋಗುತ್ತಾಳೆ. ಅಷ್ಟನ್ನು ಬಿಟ್ಟು ಅವಳ ತಲೆಗೆ ಬೇರೇನೂ ಹೊಳೆಯಲಿಲ್ಲ. ಆ ಎರಡು ದಿನ ಅವಳಷ್ಟು ಸುಖವಾಗಿದ್ದವರು ಬೈರಸಂದ್ರದ ಸುತ್ತಮುತ್ತ ಯಾರೂ ಇರಲಿಕ್ಕಿಲ್ಲ.

ಈಗ ಅವಳು ಮಾಡಿದ ಕೆಲಸ ಕೇಳಿ. ಬೇರೆಯವರಾಗಿದ್ದರೆ ಚಾಪೆ ಹಾಸಿ, ಮಡಕೆ ಜೋಡಿಸಿ, ಕಾಲು ಚಾಚಿ ಕೂರುತ್ತಿದ್ದರು. ಅಲಮೇಲು ಹಾಗೆ ಮಾಡಲಿಲ್ಲ. ಆಫೀಸಿನವರು ಮನೆ ನೋಡಲು ಬರುತ್ತಾರೆ ಎಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ಅರ್ಥ. ಮನೆ ಒಪ್ಪಿಸುವ ದಿನ ಅದು. ಒಪ್ಪಿಸುವ ದಿನ ಕೆಲಸದವರ ಒಂದು ಕಡ್ಡಿಯೂ ಒಳಗಿರಬಾರದು. ಮನೆಯನ್ನು ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾಳೆ, ಇಂಥವಳಿಗೇ ಕೊಡಬೇಕು ಎಂದು ಗುಮಾಸ್ತರಿಗೆ ಅನ್ನಿಸಬೇಡವೇ? ಗುರುವಾರ ಬೆಳಗಾಗುವುದರೊಳಗೆ ಚಾಪೆ, ಗಂಟು, ಮಡಕೆ ಎಲ್ಲ ಹೊಂಗೆ ಮರದ ಕೆಳಗೆ ಬಂದವು. ಮಿಕ್ಕಿದ್ದ ಸುಣ್ಣವನ್ನು ಒಳಗೆ ಬಳಿದು, ನೆಲ ತೊಳೆದು, ಬಾಗಿಲಿಗೆ ರಂಗೋಲಿ ಎಳೆದು, ಮಗಳ ತಲೆ ಬಾಚಿ, ಅವಳು ಮರದ ಕೆಳಗೆ ಕಾದು ನಿಂತಳು. ತಿರುಮಲೇಶನೂ ತಲೆಗೆ ಟವಲು ಸುತ್ತಿಕೊಂಡು ಪಕ್ಕದಲ್ಲಿ ನಿಂತ. ಅವನಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಗಂಗಾಧರಯ್ಯ ಬಂದರು. ಮುನಿವೆಂಕಟಮ್ಮನ ಮನೆಯೊಳಗೆ ಹೊಕ್ಕು, ಮಸಿ ಹಿಡಿದ ಗೋಡೆ, ಉರಿಯುವ ಒಲೆ, ಹಗ್ಗದ ಮೇಲಿನ ಸೀರೆ ಎಲ್ಲ ನೋಡಿ ಹೆಸರು ಬರೆದುಕೊಂಡರು. ಆಮೇಲೆ ಕೊನೆಯ ಮನೆಗೆ ಹೋಗಿ ಒಂದು ಸುತ್ತು ಹಾಕಿ ಹೊರಗೆ ಬಂದರು.

“ಇದು ಖಾಲಿ,” ಎಂದರು.

“ಇಲ್ಲಾ ಸಾಮಿ, ನಾವೇ ಇರೋದು,” ಎಂದು ಅಲಮೇಲು ಓಡಿಬಂದಳು.

“ಎಲ್ಲಿದೀಯಮ್ಮ? ಒಳಗೆ ಒಲೇನೇ ಇಲ್ಲ. ಒಂದು ಮಡಕೆ ಇಲ್ಲ.”

“ಒಲೆ ಹೊರಗೈತೆ ಸಾಮಿ. ಯಜಮಾನ್ರು ಬಂದು ಹಾಲುಕ್ಕಿಸೋ ಮುಂಚೆ ನಾವು ಒಳಗೆ ಬೆಂಕಿ ಹಾಕಬಾರದು.”

ಗಂಗಾಧರಯ್ಯ ಕನ್ನಡಕ ತೆಗೆದರು. “ಯಾವ ಯಜಮಾನ್ರು?”

“ಅದೇ ಸಾಮಿ ನಂಗೂ ತಿಳೀಲಿಲ್ಲ. ನಿಮ್ಮನ್ನೂ ಕೇಳಿದ್ನಲ್ಲ.”

ಪಾಪ, ಅವರೂ ಕೆಟ್ಟವರಲ್ಲ. ತಲೆ ಕೆರೆದುಕೊಂಡರು. “ನೋಡಮ್ಮ, ಹೊರಗೆ ಒಲೆ ಇದ್ದೋರನ್ನ ಒಳಗೆ ಇದಾರೆ ಅಂತ ನಾನು ಬರೆಯೋ ಹಾಗಿಲ್ಲ. ಒಂದು ಕೆಲಸ ಮಾಡು. ಮಿಕ್ಕ ಮನೆ ನೋಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಒಳಗೆ ಒಲೆ ಹಚ್ಚು. ಬಂದು ನೋಡಿ ನಿನ್ನ ಹೆಸರು ಬರೀತೀನಿ. ಆಮೇಲೆ ನೀನೇ ಯಜಮಾನಿ.”

ಇದಕ್ಕಿಂತ ಹೆಚ್ಚಿಗೆ ಯಾರು ಏನು ಮಾಡಿಯಾರು? ಅಲಮೇಲು ಮರದ ಕೆಳಗಿನ ಕೆಂಡವನ್ನು ಬಾಂಡ್ಲಿಗೆ ಬಾಚಿಕೊಂಡಳು. ಮುನಿವೆಂಕಟಮ್ಮ ಒಂದು ಗಿಂಡಿ ಹಾಲು ತಂದು ಬಾಗಿಲಲ್ಲಿಟ್ಟಳು. ತಿರುಮಲೇಶ ಒಲೆಯ ಮೂರು ಕಲ್ಲನ್ನು ಒಳಗಿಟ್ಟು ಬಂದ. ಇನ್ನು ಹೊಸಿಲು ದಾಟುವುದು ಒಂದೇ ಬಾಕಿ.

ಕಾಲು ಮೇಲೇಳಲಿಲ್ಲ. ಒಲೆ ಹಚ್ಚಿದ ಮೇಲೆ ತಾನು ಯಜಮಾನಿ. ಆದರೆ ಯಜಮಾನಿ ಆಗದೆ ಒಲೆ ಹಚ್ಚುವುದು ಹೇಗೆ? ಹಚ್ಚಿ, ಅವರು ವಾಪಸು ಬಂದು ಹೆಸರು ಬರೆಯದಿದ್ದರೆ? ಆಮೇಲೆ ಬರುವ ಯಾರದೋ ಸಂಸಾರಕ್ಕೆ ಅನ್ನ ಹುಟ್ಟದಂತೆ ಮಾಡಿದ ಪಾಪ ಯಾರಿಗೆ? ಒಂದು ಕಾಲು ಮುಂದಿಟ್ಟಳು, ಹಿಂದೆಗೆದಳು. ಮಗಳಿಗಾಗಿ ಮನೆ ಬೇಕಾಗಿತ್ತು. ಬೇಕಾದದ್ದನ್ನು ಕೈಚಾಚಿ ತೆಗೆದುಕೊಳ್ಳುವುದು ಹೇಗೆ ಎಂದು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

“ಮಾವಾ, ಇದು ಯಾರ ಮನೆ ಅಂತ ಒಂದು ಮಾತು ಹೇಳಿಬಿಡು, ಹೋಗ್ತೀನಿ,” ಎಂದಳು.

ತಿರುಮಲೇಶ ಈ ಸಲ ನಗಲಿಲ್ಲ. “ನಮ್ಮದೇ ಅಂತ ಅಂದ್ಕೋ,” ಎಂದ.

“ಅಂದ್ಕೊಂಡ್ರೆ ಆಯ್ತದಾ?”

ಅವನು ಆ ಮನೆಯ ನಾಲ್ಕು ಗೋಡೆ ಎಬ್ಬಿಸಿದವನು, ಆದರೂ ನಮ್ಮದು ಎಂದು ಗಟ್ಟಿಯಾಗಿ ಹೇಳಲು ಬಾಯಿ ಬರಲಿಲ್ಲ. ಟವಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಪಕ್ಕದ ಬಾಗಿಲಿಂದ ಮುನಿವೆಂಕಟಮ್ಮ “ಹೋಗೇ, ಹೋಗೇ” ಎಂದು ಕೈ ಬೀಸುತ್ತಲೇ ಇದ್ದಳು.

ಗಂಗಾಧರಯ್ಯ ಆ ತುದಿಯಿಂದ ವಾಪಸು ಬಂದಾಗ ಅಲಮೇಲು ಹೊಸಿಲಿನ ಈಚೆಗೇ ಇದ್ದಳು. ಬಾಂಡ್ಲಿಯ ಅಂಚು ಕಾದು ಅಂಗೈ ಸುಡುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ.

“ಏನಮ್ಮ ಇದು? ಇನ್ನೂ ಇಲ್ಲೇ ನಿಂತಿದೀಯಲ್ಲ.”

“ನೀವು ಒಳಗೆ ಹೋಗು ಅಂತ ಒಂದು ಸಲ ಅನ್ನಿ ಸಾಮಿ. ಈಗಲೇ ಹೋಗ್ತೀನಿ.”

“ನಾನು ಹೇಗಮ್ಮ ಅನ್ನಲಿ? ಮನೆ ಕೊಡೋನು ನಾನಲ್ಲ. ಇರೋದನ್ನ ನೋಡಿ ಬರೆಯೋನು.” ಅವರು ಮನೆಯೊಳಗೆ ಇಣುಕಿದರು, ಅವಳ ಮುಖ ನೋಡಿದರು, ಮತ್ತೆ ಇಣುಕಿದರು. ಬೆಂಕಿಯಿಲ್ಲದ ಮೂರು ಕಲ್ಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಜೊತೆಗೆ ಬಂದಿದ್ದ ಜವಾನ ಹೊತ್ತಾಯಿತೆಂದು ಕೆಮ್ಮಿದ. ಗಂಗಾಧರಯ್ಯ ಖಾಲಿ ಎಂದು ಬರೆದು, ಯಾರ ಮುಖವನ್ನೂ ನೋಡದೆ ಸೈಕಲ್ ಹತ್ತಿದರು.

ಮುನಿವೆಂಕಟಮ್ಮ ತನ್ನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

“ಕೈ ಸುಟ್ಕೊಳ್ತಾ ನಿಂತ್ಕೋಬೇಡ. ಬಾ, ಒಳಗೆ ಬಾ,” ಎಂದಳು.

ಅಲಮೇಲು ನಡೆದಳು. ಕೆಂಡದ ಬಾಂಡ್ಲಿ ಹಿಡಿದುಕೊಂಡೇ, ಒಂದು ಕ್ಷಣವೂ ನಿಲ್ಲದೆ, ಮುನಿವೆಂಕಟಮ್ಮನ ಹೊಸಿಲು ದಾಟಿ ಸೀದಾ ಅಡುಗೆಮನೆಗೆ ಹೋಗಿ, ಕೆಂಡವನ್ನು ಅವಳ ಒಲೆಗೆ ಸುರಿದಳು. ಸುರಿದ ಮೇಲೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಯಿತು. ಮಸಿ ಗೋಡೆಗೆ ಒರಗಿ ಕೂತು ಬಿಕ್ಕಿಬಿಕ್ಕಿ ಅತ್ತಳು.

ಮುನಿವೆಂಕಟಮ್ಮ ಅವಳ ಅಂಗೈಗೆ ತಣ್ಣೀರು ಹಾಕುತ್ತಾ ಕೇಳಿದಳು: “ಇಲ್ಲಿಗೆ ಬಂದ್ಯಲ್ಲೇ, ಬೆಂಕಿ ಹಿಡ್ಕೊಂಡು, ಒಂದೇ ಉಸಿರಿಗೆ. ಅಲ್ಲಿಗೂ ಹೀಗೇ ಹೋಗೋಕೆ ಏನಾಗಿತ್ತು ನಿಂಗೆ?”

“ಅಲ್ಲಿ ಯಾರೂ ಬಾ ಅನ್ನಲಿಲ್ಲ ಅಕ್ಕ,” ಎಂದಳು ಅಲಮೇಲು.